ಊರಿಗೆಲ್ಲ ಗುಂಡಿ ತೋಡಿದ ನಮ್ಮಪ್ಪ ಮತ್ತು ನಿಮ್ಮ ‘ಸುವರ್ಣ ಬಾಲ್ಯ’



ಇದು ಉದ್ದ ಆಗುತ್ತೆ. ಪುರುಸೊತ್ತು ಇದ್ದವರು ಓದಿ, ಇಲ್ಲದವರು ಸೇವ್ ಮಾಡ್ಕೊಳ್ಳಿ. ಲೈಕ್ ಒತ್ತಿ ಮುಂದಕ್ಕೆ ಹೋಗಬೇಡಿ ಅನ್ನೋದಷ್ಟೇ ವಿನಂತಿ.

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು. ನೀವೂ ನೋಡಿರ್ತೀರಿ, ವರ್ಷಕ್ಕೆ ನಾಲ್ಕು ಸಲ ಬರುತ್ತೆ ಅದು. ಅಜ್ಜಿ ಮನೆ, ಬೇಸಿಗೆ ರಜೆ, ಬಾವಿಗೆ ಹಾರಿ ಈಜಿದ್ದು, ಭಾನುವಾರ ಬೆಳಿಗ್ಗೆ ಇಡೀ ಊರು ಒಂದೇ ಟಿವಿ ಮುಂದೆ ಕೂತು ರಾಮಾಯಣ ನೋಡಿದ್ದು. ಕೊನೆಯಲ್ಲಿ, ಆಗ ಜಾತಿ ಗೀತಿ ಏನೂ ಗೊತ್ತಿರಲಿಲ್ಲ, ಎಲ್ಲರೂ ಒಂದೇ ಮನೆಯವರ ಹಾಗೆ ಇದ್ದೆವು, ಈ ರಾಜಕೀಯದವರು ಬಂದು ಹಾಳು ಮಾಡಿದರು ಅಂತ ಒಂದು ಸಾಲು. ಕೆಳಗೆ ಕೈಮುಗಿಯೋ ಚಿತ್ರ, ಕಣ್ಣೀರಿನ ಚಿತ್ರ. ನಮ್ಮ ಸೆಕ್ಷನ್ನಿನ ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಹೃದಯ ಒತ್ತಿದ್ದರು.

ನಾನು ಏನೂ ಒತ್ತಲಿಲ್ಲ. ಮಧ್ಯಾಹ್ನ ಊಟದ ಹೊತ್ತಲ್ಲಿ ಪಕ್ಕದ ಟೇಬಲ್ಲಿನವರು ಕೇಳಿದರು, “ಯಾಕ್ರೀ, ನಿಮಗೆ ಬಾಲ್ಯ ನೆನಪಾಗಲ್ವಾ?” ಒಳ್ಳೆಯವರೇ ಅವರು, ನನ್ನ ಡಬ್ಬಿಯಿಂದ ಪಲ್ಯ ತಗೊಂಡು ತಿಂತಾರೆ. ಅವತ್ತು ಅವರಿಗೆ ನಕ್ಕು ಸುಮ್ಮನಾದೆ. ಆ ಉತ್ತರ ಇಲ್ಲಿ ಬರೀತಿದ್ದೇನೆ.

ನೆನಪಾಗುತ್ತೆ ಸಾರ್. ನಿಮಗಿಂತ ಜಾಸ್ತಿನೇ ನೆನಪಾಗುತ್ತೆ.

ನಮ್ಮೂರು ತುಮಕೂರು ಸೀಮೆಯ ಒಂದು ಹಳ್ಳಿ. ನಮ್ಮ ತಾತ ಊರಿನ ತೋಟಿ. ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ತೋಟಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಈಗಿನ ಹುಡುಗರಿಗೆ ಹೇಳಬೇಕು. ಊರಲ್ಲಿ ಯಾರಾದರೂ ಸತ್ತರೆ ನೆಂಟರೂರಿಗೆಲ್ಲ ನಡಕೊಂಡು ಹೋಗಿ ಸುದ್ದಿ ಮುಟ್ಟಿಸೋದು, ಗುಂಡಿ ತೋಡೋದು, ಸತ್ತ ದನ ಎಳೆದು ಹಾಕೋದು, ಡಂಗೂರ ಸಾರೋದು, ಸಾಹೇಬರು ಬಂದರೆ ಅವರ ಗಂಟು ಹೊರೋದು. ಹುಟ್ಟಿದ್ದು ಸತ್ತಿದ್ದು ಶಾನುಭೋಗರಿಗೆ ಹೇಳಿ ಬರೆಸೋದೂ ಅವನದೇ ಕೆಲಸ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಗಿದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಹುದ್ದೆ ರದ್ದಾಯ್ತು, ಚಾಕರಿ ರದ್ದಾಗಲಿಲ್ಲ. ತಾತನಿಂದ ಅದು ನಮ್ಮಪ್ಪನಿಗೆ ಬಂತು. ಇನಾಮ್ತಿ ಅಂತ ಇದ್ದ ತುಂಡು ನೆಲ ಅಜ್ಜಿಯ ಕಾಯಿಲೆಗೆ, ಎರಡು ಪಲ್ಲ ರಾಗಿ ಸಾಲಕ್ಕೆ ಹೋಗಿತ್ತು. ನೆಲ ಹೋದರೂ ಕರೆಯೋದು ಮಾತ್ರ ಬಿಡಲಿಲ್ಲ.

“ಲೋ, ಬಾರೋ” ಅಂತಲೇ ಕರೀತಿದ್ದರು. ನಮ್ಮಪ್ಪನ ಹೆಸರಿನ ಕೊನೆಗೆ ಒಂದು ‘ಅಯ್ಯ’ ಇತ್ತು. ಆ ಅಯ್ಯ ಊರಿನ ಯಾರ ಬಾಯಲ್ಲೂ ಒಂದು ದಿನಕ್ಕೂ ಬರಲಿಲ್ಲ. ನನ್ನನ್ನ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ತಂದೆ ಹೆಸರಿನ ಕಾಲಮ್ಮಲ್ಲಿ ಆ ಅಯ್ಯನ ಬಿಟ್ಟೇ ಬರೆದರು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಈಗಲೂ ಹಾಗೇ ಇದೆ. ಗುಮಾಸ್ತ ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಜನರ ಹೆಸರು ತಿದ್ದುಪಡಿ ಫೈಲು ನನ್ನ ಕೈಯಿಂದ ಹೋಗಿದೆ. ನನ್ನಪ್ಪನ ಅಯ್ಯ ಒಂದು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಎಲ್ಲೂ ವಾಪಸ್ ಬರಲಿಲ್ಲ.

ನನ್ನ ಬೇಸಿಗೆ ರಜೆ ಹೇಗಿತ್ತು ಅಂತ ಕೇಳಿದರಲ್ಲ. ರಜೆಯಲ್ಲಿ ನಾನು ಅಪ್ಪನ ಜೊತೆ ಸಾವಿನ ಸುದ್ದಿ ಹೇಳೋಕೆ ಹೋಗ್ತಿದ್ದೆ. ನನಗೆ ಎಂಟೋ ಒಂಬತ್ತೋ ವರ್ಷ. ಬೆಳಗಿನ ಜಾವ ಹೊರಟರೆ ಮೂರು ಊರು, ನಾಲ್ಕು ಊರು. ಅಪ್ಪ ದೊಡ್ಡ ಹೆಜ್ಜೆ ಹಾಕೋನು, ನಾನು ಓಡಬೇಕು. ದಾರಿಯಲ್ಲಿ ಕಾರೆಹಣ್ಣು ಕಿತ್ತು ಕೊಡ್ತಿದ್ದ, ಸತ್ತವರ ಬಗ್ಗೆ ಕತೆ ಹೇಳ್ತಿದ್ದ. ಯಾರು ಜುಗ್ಗ, ಯಾರು ಕಣದಲ್ಲಿ ಆಯ ಅಳೆಯುವಾಗ ಮೊರ ತುಂಬ ಹಾಕ್ತಿದ್ದರು, ಯಾರು ಬೊಗಸೆ ಎಣಿಸ್ತಿದ್ದರು, ಎಲ್ಲ ಅವನಿಗೆ ಗೊತ್ತು. ಸುಳ್ಳು ಹೇಳಲ್ಲ, ಆ ನಡಿಗೆ ನನ್ನ ಬಾಲ್ಯದ ಅತಿ ಸಂತೋಷದ ಭಾಗ. ಅಪ್ಪ ಪೂರ್ತಿ ನನ್ನವನಾಗಿರ್ತಿದ್ದ ಹೊತ್ತು ಅದೊಂದೇ.

ಊರು ಸೇರಿದ ಮೇಲೆ ಅವನು ಬೇರೆ ಮನುಷ್ಯ. ಹೆಗಲ ಮೇಲಿನ ಟವೆಲ್ ಕಂಕುಳಿಗೆ ಹೋಗೋದು. ಕೊಟ್ಟಿಗೆ ಹತ್ತಿರ ನಿಂತು, “ಸ್ವಾಮೀ...” ಅಂತ ಕೂಗೋನು. ಒಳಗಿಂದ ಅಳು ಶುರುವಾಗೋದು. ಆ ಅಳುವಿನ ಮಧ್ಯೆ ಯಾರೋ ಒಬ್ಬರು ಚೊಂಬು ತಂದು ಮೇಲಿಂದ ನೀರು ಬಿಡೋರು, ಅಪ್ಪ ಬೊಗಸೆ ಒಡ್ಡಿ ಕುಡಿಯೋನು, ಆಮೇಲೆ ನಾನು. ಇದನ್ನ ಬಹಳ ಸಲ ಯೋಚನೆ ಮಾಡಿದ್ದೇನೆ. ಹೆತ್ತ ತಾಯಿ ಸತ್ತ ಸುದ್ದಿ ಕೇಳಿ ಎದೆ ಬಡ್ಕೊಂಡು ಅಳ್ತಿರೋ ಹೆಂಗಸಿಗೂ ಚೊಂಬು ಎಷ್ಟು ಎತ್ತರ ಹಿಡೀಬೇಕು ಅನ್ನೋದು ಮರೆಯುತ್ತಿರಲಿಲ್ಲ! ದುಃಖದಲ್ಲಿ ಮನುಷ್ಯ ಎಲ್ಲ ಮರೀತಾನೆ ಅಂತಾರೆ, ಇದೊಂದು ಬಿಟ್ಟು.

ಇನ್ನು ರಾಮಾಯಣ. 1987ರಲ್ಲಿ ದೂರದರ್ಶನದಲ್ಲಿ ಶುರುವಾದಾಗ ನಾನು ಮೂರನೇ ಕ್ಲಾಸು. ಊರಿಗೆ ಒಂದೇ ಟಿವಿ. ಇಡೀ ಊರು ಕೂತಿತ್ತು ಅನ್ನೋದು ನಿಜ. ನಾವು ಕಿಟಕಿ ಆಚೆ ನಿಂತಿದ್ದೆವು ಅನ್ನೋದೂ ನಿಜ. ಕಿಟಕಿಗೆ ಮೂರು ಸರಳು. ಎತ್ತರದ ಹುಡುಗರು ಮುಂದೆ, ಅವರ ಕಂಕುಳ ಕೆಳಗಿಂದ ನಾನು. ಅರ್ಧ ರಾಮ ಕಾಣೋನು, ಅರ್ಧ ಸರಳು ಕಾಣೋದು. ಫಾರ್ವರ್ಡ್ ಬರೆದ ಪುಣ್ಯಾತ್ಮ ಟಿವಿ ಕಡೆ ಮುಖ ಮಾಡಿ ಕೂತಿದ್ದ, ಅವನ ಬೆನ್ನ ಹಿಂದಿನ ಕಿಟಕಿ ಅವನಿಗೆ ಹೇಗೆ ಕಾಣಬೇಕು? ಜಾತಿ ಗೊತ್ತೇ ಇರಲಿಲ್ಲ ಅಂತೀರಲ್ಲ, ನಿಮಗೆ ಗೊತ್ತಿರಲಿಲ್ಲ ಸ್ವಾಮಿ, ಗೊತ್ತಾಗುವ ಅಗತ್ಯ ಇರಲಿಲ್ಲ. ನಮಗೆ ಮಾತ್ರ ಯಾವ ಬಾವಿಯ ಕಟ್ಟೆ ಎಷ್ಟು ದೂರ ಅಂತ ಮಗ್ಗಿಗಿಂತ ಮುಂಚೆ ಬಾಯಿಪಾಠ ಆಗಿತ್ತು.

ಬಾಬಾಸಾಹೇಬರೂ ಬಾಲ್ಯದ ನೆನಪು ಬರೆದಿದ್ದಾರೆ. ‘ವೇಟಿಂಗ್ ಫಾರ್ ಎ ವೀಸಾ’ ಓದಿ. 1901ರಲ್ಲಿ ಅಪ್ಪನನ್ನ ನೋಡೋಕೆ ಹೊಸ ಬಟ್ಟೆ ಹಾಕ್ಕೊಂಡು ರೈಲು ಹತ್ತಿದ ಮಕ್ಕಳು, ಸ್ಟೇಷನ್ನಲ್ಲಿ ಇಳಿದಾಗ ಜಾತಿ ಗೊತ್ತಾಗಿ ಯಾರೂ ಗಾಡಿ ಕಟ್ಟಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನ ಮಕ್ಕಳೇ ಹೊಡ್ಕೊಂಡು ಹೋಗಬೇಕು, ಗಾಡಿಯವನು ಪಕ್ಕದಲ್ಲಿ ನಡೀತಾನೆ. ಬುತ್ತಿ ಇತ್ತು, ನೀರಿಲ್ಲದೆ ರಾತ್ರಿ ಹಸಿದು ಮಲಗಿದರು. ಅದೂ ಬಾಲ್ಯವೇ. ಅದೂ ರಜೆಯೇ.

ನಮ್ಮಪ್ಪ ಸತ್ತಿದ್ದು 1996ರ ಕಾರ್ತಿಕದಲ್ಲಿ. ನಾನು ತಾಲ್ಲೂಕಿನ ಹಾಸ್ಟೆಲಲ್ಲಿ ಇದ್ದೆ, ಸೆಕೆಂಡ್ ಪಿಯುಸಿ. ಚಿಕ್ಕಪ್ಪನ ಮಗ ಸೈಕಲ್ ತುಳ್ಕೊಂಡು ಬಂದು, “ಅಣ್ಣಾ, ದೊಡ್ಡಪ್ಪಂಗೆ ಹುಷಾರಿಲ್ಲ, ಬಾ” ಅಂದ. ಅವನ ಮುಖ ನೋಡಿದರೇ ಗೊತ್ತಾಯ್ತು. ನಾನು ತೋಟಿ ಮಗ ಅಲ್ವಾ, ಸುದ್ದಿ ತರೋರ ಮುಖ ನನಗೆ ಗೊತ್ತು.

ಅಕ್ಕನನ್ನ ಕೊಟ್ಟಿದ್ದ ಊರು ಹದಿನೆಂಟು ಮೈಲಿ. ಅವಳಿಗೆ ಸುದ್ದಿ ಹೇಳೋರು ಯಾರು? ನಲವತ್ತು ವರ್ಷ ಊರಿನ ಸಾವೆಲ್ಲ ಹೊತ್ತು ತಿರುಗಿದೋನು ಒಳಗೆ ಮಲಗಿದ್ದ. ಕೇರಿಯ ಗಂಡಸರೆಲ್ಲ ಜಾಗ ಹುಡುಕೋ ಗಡಿಬಿಡೀಲಿ ಇದ್ದರು. ಅಕ್ಕನಿಗೆ ಗೊತ್ತಾಗಿದ್ದು ಹಾಲುತುಪ್ಪದ ದಿನ. ಸಂತೆಯಲ್ಲಿ ಯಾರೋ ಹೇಳಿದರಂತೆ. ಓಡಿಬಂದು ಮಣ್ಣಿನ ಗುಡ್ಡೆ ಮೇಲೆ ಬಿದ್ದು ಅವಳು ಅತ್ತಿದ್ದು ಈಗಲೂ ನನ್ನ ಕಿವಿಯಲ್ಲಿದೆ. “ಎಲ್ಲರ ಮನೆಗೂ ಹೋಗಿ ಹೇಳಿದ್ಯಲ್ಲಪ್ಪೋ, ನಂಗೊಬ್ಬಳಿಗೆ ಯಾರೂ ಹೇಳಲಿಲ್ಲವಲ್ಲಪ್ಪೋ” ಅಂತ. ಅಕ್ಕ ಅಪ್ಪನಿಗೆ ಮಣ್ಣು ಹಾಕಲಿಲ್ಲ.

ಜಾಗ ಹುಡುಕೋದು ಅಂದೆ. ಇದೇ ನಾನು ಹೇಳಬೇಕು ಅಂತ ಕೂತ ವಿಷಯ.

ನಮ್ಮ ಕಡೆ ಜಮೀನು ಇರೋರು ಅವರವರ ಹೊಲದಲ್ಲೇ ಮಣ್ಣು ಮಾಡ್ತಾರೆ. ತೋಟದ ಮೂಲೆಯಲ್ಲಿ ಅಜ್ಜನ ಸಮಾಧಿ, ಅದಕ್ಕೆ ಟೈಲ್ಸು. ನೆಲ ಇಲ್ಲದೋರು ಎಲ್ಲಿಗೆ ಹೋಗಬೇಕು? ಸ್ಮಶಾನದ ಪ್ರಶ್ನೆ ಅಂದರೆ ಭೂಮಿಯ ಪ್ರಶ್ನೆ ಅಂತ ನನಗೆ ಅರ್ಥ ಆಗಿದ್ದು ಪುಸ್ತಕ ಓದಿ ಅಲ್ಲ. ನಮ್ಮ ಕೇರಿಯೋರನ್ನ ತಲೆತಲಾಂತರದಿಂದ ಕೆರೆಯಂಗಳದ ಅಂಚಲ್ಲಿ ಮಣ್ಣು ಮಾಡ್ತಿದ್ದರು. ಕೆರೆ ತುಂಬಿದ ವರ್ಷ ನಮ್ಮ ಹಿರಿಯರೆಲ್ಲ ನೀರೊಳಗೆ. ಅಲ್ಲಿಗೆ ಹೋಗಬೇಕಾದರೆ ಒಂದು ಹೊಲದ ಬದು ದಾಟಬೇಕು. ಅವತ್ತು ಆ ಹೊಲದಲ್ಲಿ ರಾಗಿ ತೆನೆ ಬಲಿತಿತ್ತು. ಹೊಲದವರು ಬದುವಿಗೆ ಅಡ್ಡ ನಿಂತರು. “ನಿಂತ ಪೈರಿನ ಮಧ್ಯೆ ಹೆಣ ತರಬೇಡ್ರೋ, ಸುತ್ತಾಕ್ಕೊಂಡು ಹೋಗ್ರೋ.”

ಅದೇ ಹೊಲದ ಮೂಲೆಯಲ್ಲಿ ಅವರ ಅಪ್ಪನಿಗೆ ಗುಂಡಿ ತೋಡಿದ್ದು ನಮ್ಮಪ್ಪ. ನಾನೇ ಮಂಕರಿಯಲ್ಲಿ ಮಣ್ಣು ಎತ್ತಿ ಹಾಕಿದ್ದೆ. ಅವತ್ತು ಅಪ್ಪ ಆ ಮನೆಗಾಗಿ ಐದು ಊರು ತಿರುಗಿದ್ದ.

ನಾವು ಸುತ್ತಾಕ್ಕೊಂಡು ಹೋದೆವು. ಹಳ್ಳದಲ್ಲಿ ಇಳಿದು ಸೊಂಟದ ಮಟ್ಟ ನೀರಲ್ಲಿ ಚಟ್ಟ ಎತ್ತಿ ಹಿಡ್ಕೊಂಡು. ನಾಲ್ಕು ಜನರಲ್ಲಿ ನಾನೊಬ್ಬ. ಒಂದು ಕಡೆ ಕಾಲು ಜಾರಿ ಚಟ್ಟದ ಒಂದು ಮೂಲೆ ನೀರಿಗೆ ತಾಗಿತು. ಅಪ್ಪನ ಕೈ ಒದ್ದೆಯಾಯ್ತು. ಮೇಲೆ ಬಂದ ಮೇಲೆ ಅವ್ವ ತನ್ನ ಸೆರಗಿನಿಂದ ಆ ಕೈ ಒರೆಸಿದಳು, ಮಗುವಿನ ಕೈ ಒರೆಸೋ ಹಾಗೆ. ಆಮೇಲೆ ಏನಾಯ್ತು, ಯಾರು ಮೊದಲು ಮಣ್ಣು ಹಾಕಿದರು, ನನಗೆ ನೆನಪಿಲ್ಲ. ಆ ಒರೆಸಿದ್ದು ಒಂದೇ ನೆನಪು.

ಇನ್ನೊಂದು ವಿಷಯ ಕೇಳಿ. ಊರಿನ ಸಾವೆಲ್ಲ ಬರೆಸೋದು ಯಾರ ಕೆಲಸವಾಗಿತ್ತೋ ಅವನ ಸಾವು ಯಾರೂ ಬರೆಸಲಿಲ್ಲ. 21 ದಿನದೊಳಗೆ ನೋಂದಣಿ ಆಗಬೇಕು ಅನ್ನೋದು ನಮಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಮನೆ ಖಾತೆ ಅವ್ವನ ಹೆಸರಿಗೆ ಮಾಡಿಸೋಕೆ ಹೋದಾಗ ಮರಣ ಪ್ರಮಾಣಪತ್ರ ತನ್ನಿ ಅಂದರು. ವರ್ಷ ಮೀರಿದ್ದಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಕೋರ್ಟಿಗೆ ಅರ್ಜಿ, ವಕೀಲರ ಫೀಸು, ಸಾಕ್ಷಿಗೆ ಊರಿನ ಇಬ್ಬರು. ನಮ್ಮಪ್ಪ ಸತ್ತಿದ್ದಾನೆ ಅಂತ ಸಾಬೀತು ಮಾಡೋಕೆ ಮೂರು ತಿಂಗಳು ಅಲೆದೆ. ಕಟಕಟೆಯಲ್ಲಿ ನಿಂತು ಅವ್ವ, “ಹೂಂ ಸ್ವಾಮಿ, ಸತ್ತವ್ರೆ” ಅಂತ ಹೇಳಬೇಕಾಯ್ತು.

ಇಷ್ಟು ಹಳೇ ಕತೆ. ಹಳೇದು ಯಾಕೆ ಕೆದಕ್ತೀರಿ ಅಂತ ಕೇಳೋರಿಗೆ ಹೊಸದು ಹೇಳ್ತೀನಿ.

ಅವ್ವ ಹೋದ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಳು. ಅಪ್ಪನ ಪಕ್ಕದಲ್ಲೇ ಮಣ್ಣು ಮಾಡು ಮಗಾ ಅಂತ ಹೇಳಿದ್ದಳು. ಕೆರೆ ಬತ್ತಿತ್ತು, ಅಪ್ಪನ ತಲೆದೆಸೆಯ ಕಲ್ಲು ಕಾಣ್ತಿತ್ತು. ಆ ರಾಗಿ ಹೊಲ ಈಗ ಅಡಿಕೆ ತೋಟ. ಬದು ಇದ್ದ ಕಡೆ ಸೋಲಾರ್ ತಂತಿ, ಕಬ್ಬಿಣದ ಗೇಟು, ಬೀಗ. ಅವತ್ತು ಅಡ್ಡ ನಿಂತವರ ಮಗ, ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು, ಬೀಗದ ಕೈ ಬೆಂಗಳೂರಲ್ಲಿದೆ ಅಂತ ಫೋನಲ್ಲಿ ಹೇಳಿದ. ಬಹಳ ಮರ್ಯಾದೆಯಿಂದ ಹೇಳಿದ. “ಸಾರಿ ಕಣಪ್ಪಾ, ಅಮ್ಮ ಹೋಗಿದ್ದು ಬೇಜಾರಾಯ್ತು.” ಸ್ಟೇಟಸ್ಸಿಗೆ ಓಂ ಶಾಂತಿ ಅಂತಾನೂ ಹಾಕಿದ್ದನಂತೆ. ಇದು ಬದಲಾವಣೆ. ಅವರಪ್ಪ ‘ಲೋ’ ಅಂದಿದ್ದ, ಮಗ ‘ಸಾರಿ’ ಅಂದ. ದಾರಿ ಇಬ್ಬರೂ ಬಿಡಲಿಲ್ಲ.

ಅವ್ವನನ್ನ ರಸ್ತೆಯಲ್ಲಿ ಇಳಿಸಿಕೊಂಡು ನಾಲ್ಕು ಗಂಟೆ ಕೂತೆವು. ಪೊಲೀಸರು ಬಂದರು, ಕಂದಾಯದವರು ಬಂದರು. ಬೆಂಗಳೂರಲ್ಲಿದ್ದ ಬೀಗದ ಕೈ ಊರಲ್ಲೇ ಸಿಕ್ಕಿತು. “ಮಾನವೀಯತೆ ದೃಷ್ಟಿಯಿಂದ ಈ ಸಲಕ್ಕೆ ಮಾತ್ರ” ಅಂತ ಗೇಟು ತೆಗೆದರು. ಸಂಜೆ ಶಾಂತಿ ಸಭೆ. ನನಗೆ ಒಂದು ಕಾಗದ ಕೊಟ್ಟು ಸಹಿ ಹಾಕು ಅಂದರು, ಮುಂದೆ ಈ ದಾರಿ ಕೇಳಲ್ಲ ಅಂತ ಬರೆದಿತ್ತು. ತಲೆ ಬೋಳಿಸಿಕೊಂಡು ಒದ್ದೆ ಬಟ್ಟೆಯಲ್ಲಿ ನಿಂತಿದ್ದೆ. ಇಪ್ಪತ್ತು ವರ್ಷದಿಂದ ಕಾಗದ ಓದಿಯೇ ಅನ್ನ ತಿಂತಿರೋನು ನಾನು. ಸಹಿ ಹಾಕಲಿಲ್ಲ.

ಕಾನೂನು ಏನು ಹೇಳುತ್ತೆ ಅಂತ ನಮ್ಮ ಹುಡುಗರಿಗೆ ಗೊತ್ತಿರಲಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ, 2016ರ ಜನವರಿ 26ರಿಂದ ಜಾರಿ. ಅದರ ಪ್ರಕಾರ ನಮ್ಮವರ ಕೈಲಿ ಹೆಣ ಹೊರಿಸೋದು, ಸತ್ತ ದನ ಎಳೆಸೋದು, ಗುಂಡಿ ತೋಡಿಸೋದು ಅಪರಾಧ. ಸ್ಮಶಾನವನ್ನ ಬೇರೆಯವರ ಹಾಗೆ ನಾವೂ ಬಳಸೋದಕ್ಕೆ ಅಡ್ಡಿ ಮಾಡೋದೂ ಅಪರಾಧ. ಎರಡೂ ಒಂದೇ ಕಾಯ್ದೆಯಲ್ಲಿ, ಒಂದೇ ಸೆಕ್ಷನ್ 3ರ ಕೆಳಗೆ ಇವೆ. ಆ ಪುಟ ಓದುವಾಗ ನನಗೆ ಅಪ್ಪನ ಜೀವನವನ್ನ ಯಾರೋ ಕೂತು ಟೈಪ್ ಮಾಡಿದ ಹಾಗೆ ಅನಿಸಿತು.

ಮತ್ತೆ ಅರ್ಜಿ ಹಾಕಿದೆ. ನಮಗೆ ಯಾರ ತೋಟವೂ ಬೇಡ, ಊರ ಗೋಮಾಳದಲ್ಲಿ ಒಂದು ಎಕರೆ ಸ್ಮಶಾನಕ್ಕೆ ಕೊಡಿ ಅಂತ. ಭೂಕಂದಾಯ ಕಾಯ್ದೆ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳು ಕಾದಿರಿಸಬಹುದು. ಊರೂರಿಗೆ ಸ್ಮಶಾನ ಜಾಗ ಕೊಡಿ ಅಂತ ಹೈಕೋರ್ಟೇ ಸರ್ಕಾರಕ್ಕೆ ಹೇಳಿ ವರ್ಷಗಳಾದವು. ನನಗೆ ಬಂದ ಹಿಂಬರಹ ಏನು ಗೊತ್ತಾ? ಸದರಿ ಗ್ರಾಮದಲ್ಲಿ ಜಾನುವಾರು ಸಂಖ್ಯೆಗೆ ಹೋಲಿಸಿದಲ್ಲಿ ಗೋಮಾಳ ಕೊರತೆ ಇರುವುದರಿಂದ ಅರ್ಜಿ ಪರಿಗಣಿಸಲು ಬರುವುದಿಲ್ಲ.

ಆ ಲೆಕ್ಕ ನಾನು ತೆಗೆದು ನೋಡಿದೆ. ಭೂಕಂದಾಯ ನಿಯಮ 97. ನೂರು ದನಕ್ಕೆ 12 ಹೆಕ್ಟೇರ್ ಬಿಡಬೇಕು. ದನಕ್ಕೆ ಲೆಕ್ಕ ಇದೆ. ಒಳ್ಳೆಯದು, ದನ ಮೇಯಲಿ, ನಮ್ಮ ಮನೆಯಲ್ಲೂ ಎರಡು ಎಮ್ಮೆ ಇದ್ದವು. ಆದರೆ ನೂರು ಮನೆ ಹೊಲೆಯ ಮಾದಿಗರಿಗೆ ಸತ್ತ ಮೇಲೆ ಎಷ್ಟು ಗುಂಟೆ ಅಂತ ಯಾವ ನಿಯಮದಲ್ಲಿ ಬರೆದಿದೆ, ತೋರಿಸಿ. ಅದೇ ಗೋಮಾಳದಲ್ಲಿ ದೇವಸ್ಥಾನದ ಕಮಾನು ಎದ್ದಿದೆ, ಒಬ್ಬರ ಅಡಿಕೆ ಒಣಗಿಸೋ ಕಣ ಆಗಿದೆ. ಅದಕ್ಕೆಲ್ಲ ಕೊರತೆ ಬರಲಿಲ್ಲ.

ನಮ್ಮವರಿಗೂ ಎರಡು ಮಾತು ಇದೆ, ಬೇಜಾರು ಮಾಡ್ಕೊಳ್ಳಿ, ಪರವಾಗಿಲ್ಲ. ಏಪ್ರಿಲ್ 14ಕ್ಕೆ ಡಿಜೆಗೆ ಎಪ್ಪತ್ತು ಸಾವಿರ ಎತ್ತೋ ಸಂಘಕ್ಕೆ ಒಂದು ಸರ್ವೆ ಅರ್ಜಿಯ ಫೀಸು ಕಟ್ಟೋ ನೆನಪು ಯಾಕೆ ಬರಲ್ಲ? ಅವ್ವ ರಸ್ತೆಯಲ್ಲಿದ್ದಾಗ ಫೇಸ್‌ಬುಕ್ ಲೈವ್ ಮಾಡಿದ ನಾಯಕರೊಬ್ಬರು ಹಿಂಬರಹ ಬಂದ ಮೇಲೆ ನನ್ನ ಫೋನ್ ಎತ್ತಿಲ್ಲ. ಇನ್ನೂ ಒಂದು, ಇದು ನನಗೇ ಚುಚ್ಚುವಂಥದ್ದು. ನಮ್ಮ ಹೊಲೆಗೇರಿಯ ಬಾವಿಯಲ್ಲಿ ಮಾದಿಗರ ಕೇರಿಯವರಿಗೆ ನಾವು ನೀರು ಸೇದೋಕೆ ಬಿಟ್ಟಿರಲಿಲ್ಲ. ನಮ್ಮಜ್ಜಿ ಅವರ ಹುಡುಗಿಯ ಕೊಡಕ್ಕೆ ಮೇಲಿಂದ ನೀರು ಹುಯ್ಯೋದನ್ನ ನಾನೇ ನೋಡಿದ್ದೇನೆ. ಅದೇ ಎತ್ತರ! ಈಗ ಒಳಮೀಸಲಾತಿ ಮಾತು ಬಂದಾಗ, ನಾವೆಲ್ಲ ಒಂದೇ ಅಲ್ವಾ ಯಾಕೆ ಒಡೀತೀರಿ ಅಂತ ನಮ್ಮವರೇ ಕೆಲವರು ಹೇಳುವಾಗ ನನಗೆ ಆಫೀಸಿನ ಆ ಫಾರ್ವರ್ಡೇ ನೆನಪಾಗೋದು. ಆದ್ದರಿಂದ ಹೊಸ ಅರ್ಜಿಯಲ್ಲಿ ಎರಡೂ ಕೇರಿಗೆ ಸೇರಿಸಿ ಒಂದೇ ಜಾಗ ಅಂತ ಬರೆದಿದ್ದೇನೆ. ನಮ್ಮ ಕೇರಿಯ ಮೂರು ಮನೆಯವರು ಅದಕ್ಕೆ ಸಹಿ ಹಾಕಿಲ್ಲ. ಅವರ ಜೊತೆ ಜಗಳ ನಡೀತಿದೆ, ಮಾಡ್ತೀನಿ.

ಪಕ್ಕದ ಟೇಬಲ್ಲಿನವರು ಇನ್ನೊಂದು ಮಾತು ಹೇಳಿದ್ದರು ಅವತ್ತು, ಅವ್ವ ಸತ್ತ ವಾರ. “ಬಿಡಿ ಇವ್ರೇ, ಸತ್ತ ಮೇಲೆ ಎಲ್ಲರೂ ಒಂದೇ ಮಣ್ಣಿಗೆ ಹೋಗೋದಲ್ವಾ.” ಸಮಾಧಾನಕ್ಕೆ ಹೇಳಿದ್ದು, ಗೊತ್ತು. ಒಂದೇ ಮಣ್ಣು ಎಲ್ಲಿದೆ ಸಾರ್? ಸರ್ವೆ ನಂಬರ್ ಹೇಳಿ, ಪಹಣಿ ನಾನೇ ತೆಗೆಸ್ತೀನಿ. ನಮ್ಮ ಹಿರಿಯರು ಮಲಗಿರೋ ಜಾಗ ಪಹಣಿಯಲ್ಲಿ ಬರೀ ಕೆರೆ, ಖರಾಬು. ಅಲ್ಲಿ ಹೆಣ ಇದೆ ಅಂತ ಒಂದು ಅಕ್ಷರ ಇಲ್ಲ. ಹೂಳೆತ್ತೋಕೆ ನಾಳೆ ಜೆಸಿಬಿ ಬಂದರೆ ನನ್ನ ಅಪ್ಪ ಅವ್ವ ಟ್ರ್ಯಾಕ್ಟರ್ ಲೋಡಿನಲ್ಲಿ ಯಾರದೋ ಅಡಿಕೆ ತೋಟಕ್ಕೆ ಗೊಬ್ಬರದ ಮಣ್ಣಾಗಿ ಹೋಗ್ತಾರೆ. ಇದು ಅಲಂಕಾರಕ್ಕೆ ಬರೆದ ಮಾತಲ್ಲ. ಟೆಂಡರ್ ಆಗಿದೆ ಅಂತ ಊರಲ್ಲಿ ಮಾತಿದೆ. ಅದಕ್ಕೇ ಇಷ್ಟು ಅವಸರದಲ್ಲಿ ಈ ರಾತ್ರಿ ಕೂತು ಬರೀತಿರೋದು.

ಬರುವ ಸೋಮವಾರ ಎರಡು ಕೇರಿಯವರೂ ಸೇರಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡ್ತಿದ್ದೇವೆ. ನಾನು ಒಂದು ದಿನ ಸಿಎಲ್ ಹಾಕಿದ್ದೇನೆ. ಕೇಳೋದು ಮೂರೇ. ಹೂಳೆತ್ತುವ ಮುಂಚೆ ಆ ಜಾಗ ಅಳತೆ ಮಾಡಿ ಗುರುತು ಹಾಕಬೇಕು, ಗೋಮಾಳದಲ್ಲಿ ಒಂದು ಎಕರೆ ಬೇಕು, ಅಲ್ಲಿಗೆ ನಕ್ಷೆಯಲ್ಲಿ ಕಾಣುವ ದಾರಿ ಬೇಕು. ನಿಮ್ಮ ಊರಲ್ಲೂ ಇದೇ ಕತೆ ಇದ್ದರೆ ಅರ್ಜಿಯ ನಮೂನೆ ನನ್ನ ಹತ್ತಿರ ಇದೆ, ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಸರ್ವೆ ನಂಬರ್, ಹೋಬಳಿ ಮಾತ್ರ ಬದಲಾಯಿಸ್ಕೊಳ್ಳಿ, ಉಳಿದದ್ದು ಹಾಗೇ ಇರಲಿ.

ಅಕ್ಕನೂ ಬರ್ತಾಳೆ. ಈ ಸಲ ಅವಳಿಗೆ ಮೊದಲು ಫೋನ್ ಮಾಡಿದ್ದೇನೆ.

ಜೈಭೀಮ್.